ರೈಲು ಹೋದ ಮೇಲೆ ಉಳಿದ ಹೋಟೆಲುಗಳು



ಇಂದಿನ ವಿಷಯ ನಿಮಗೆ ತುಸು ದೂರದ್ದೆನಿಸಬಹುದು. ಗಾಲ್ಫ್ ಆಡಲೆಂದು ಸ್ಕಾಟ್‌ಲೆಂಡಿಗೆ ರಜೆಯಲ್ಲಿ ಹೋಗುವವರು ಎಂಥ ಹೋಟೆಲಿನಲ್ಲಿ ಇಳಿದುಕೊಳ್ಳಬೇಕು ಎಂಬುದು ಇಂದಿನ ಮಾತು. ನಮಗೂ ಗಾಲ್ಫಿಗೂ ಏನು ಸಂಬಂಧ ಎಂದು ರೇಡಿಯೋದ ಕಿವಿ ಹಿಂಡಬೇಡಿ. ನೀಲಗಿರಿಯ ನಮ್ಮ ಕೇಳುಗರು ಊಟಿಯ ವೆನ್‌ಲಾಕ್ ಡೌನ್ಸ್ ಕಡೆ ಹೋಗುವಾಗ ಆ ಆಟವನ್ನು ದೂರದಿಂದಲಾದರೂ ನೋಡಿರುತ್ತಾರೆ. ತೊದವರ ಎಮ್ಮೆಗಳು ಮೇಯುತ್ತಿದ್ದ ಆ ಹುಲ್ಲು ದಿಬ್ಬಗಳ ಮೇಲೆ ಬ್ರಿಟಿಷರು ಕೋಲು ಚೆಂಡು ಹಿಡಿದು ಓಡಾಡಿದರು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಕಲ್ಕತ್ತೆಯದು ಇನ್ನೂ ಹಳೆಯದು, 1829ರದು. ಇವತ್ತು ನಿಮ್ಮ ಮಗಳೋ ಅಳಿಯನೋ ಲಂಡನ್ನಿನಲ್ಲಿ ಕೆಲಸದಲ್ಲಿದ್ದರೆ, "ಈ ಬಾರಿ ಸ್ಕಾಟ್‌ಲೆಂಡ್ ನೋಡೋಣ ಬನ್ನಿ" ಎಂದು ನಿಮ್ಮನ್ನು ಕರೆದರೂ ಆಶ್ಚರ್ಯವಿಲ್ಲ. ಆಗ ಈ ಮಾತು ನೆನಪಿಗೆ ಬಂದೀತು.

ಮೊದಲು ಒಂದು ಸಣ್ಣ ವಿವರಣೆ. ನಮ್ಮಲ್ಲಿ ಹೋಟೆಲು ಎಂದರೆ ಇಡ್ಲಿ, ಕಾಫಿ. ಮಲಗುವುದಕ್ಕೆ ಬೇರೆ ಲಾಡ್ಜು. ಅಲ್ಲಿ ಹೋಟೆಲೆಂದರೆ ಇಳಿದುಕೊಳ್ಳುವ ಜಾಗ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಒಳ್ಳೆಯ ಹೋಟೆಲು ಯಾವುದು ಎಂದರೆ ಹಾಸಿಗೆ, ಬಿಸಿನೀರು, ಊಟ ಇವನ್ನು ಲೆಕ್ಕ ಹಾಕುವವರು ಬಹಳ. ನಾನು ಬೇರೆ ಒಂದು ಪ್ರಶ್ನೆ ಕೇಳಲು ಹೇಳುತ್ತೇನೆ: ಈ ಮನೆಯನ್ನು ಕಟ್ಟಿಸಿದವರು ಯಾರು, ಯಾತಕ್ಕೆ? ಸ್ಕಾಟ್‌ಲೆಂಡಿನಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಬಹಳ ಸಲ ಒಂದೇ: ರೈಲು ಕಂಪನಿ, ಟಿಕೆಟು ಮಾರುವುದಕ್ಕೆ.

ಗಾಲ್ಫ್ ಹುಟ್ಟಿ ಬೆಳೆದದ್ದು ಬೆಲೆಬಾಳುವ ಜಮೀನಿನಲ್ಲಲ್ಲ. ಕಡಲಿಗೂ ಹೊಲಕ್ಕೂ ನಡುವೆ ಹೊಯಿಗೆಯ ದಿಬ್ಬಗಳಿರುತ್ತವೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳುಮೆಗೆ ಬಾರದ, ಕುರಿ ಮೇಯುವ, ಮೊಲ ಬಿಲ ತೋಡುವ ಆ ನೆಲವನ್ನು ಅವರು ಲಿಂಕ್ಸ್ ಎನ್ನುತ್ತಾರೆ. ಜನ ಅಲ್ಲಿ ಆಡಿದ್ದು ಎಷ್ಟು ಹಿಂದಿನಿಂದ ಎಂದರೆ, 1457ರಲ್ಲೇ ಅಲ್ಲಿನ ಸಂಸತ್ತು ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಿತ್ತು. ಗಂಡಸರು ಬಿಲ್ಲುವಿದ್ಯೆ ಬಿಟ್ಟು ಆಟಕ್ಕೆ ಬಿದ್ದಿದ್ದಾರೆ ಎಂಬುದು ದೂರು. ನಿಷೇಧವನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲವೆಂದು ಕಾಣುತ್ತದೆ, ಏಕೆಂದರೆ 1471ರಲ್ಲೂ 1491ರಲ್ಲೂ ಅದನ್ನೇ ಮತ್ತೆ ಹೊರಡಿಸಬೇಕಾಯಿತು.

ಆ ಹೊಯಿಗೆ ನೆಲದಲ್ಲಿ ಹಣವಿದೆ ಎಂದು ಕಂಡುಕೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ರೈಲು ಕಂಪನಿಗಳು. ಅಲ್ಲಿ ಆಗ ರೈಲು ಸರಕಾರದ್ದಲ್ಲ. ಹಲವು ಖಾಸಗಿ ಕಂಪನಿಗಳು, ಒಂದರ ಮೇಲೊಂದಕ್ಕೆ ಪೈಪೋಟಿ. ಹಳಿ ಹಾಕಿದ್ದಾಯಿತು, ಬೋಗಿಗಳನ್ನು ತುಂಬಿಸುವುದು ಹೇಗೆ? ಹಳಿಯ ಕೊನೆಗೆ ಒಂದು ಮೈದಾನ, ಮೈದಾನದ ಎದುರಿಗೆ ಒಂದು ಅರಮನೆಯಂಥ ಹೋಟೆಲು! ರೈಲು ಬಂದರೆ ಊರು ಏನಾಗುತ್ತದೆ ಎಂದು ಸೊಲ್ಲಾಪುರ, ಆದವಾನಿಯ ಕಡೆಯವರಿಗೆ ಗೊತ್ತು. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೈಲಿಗಾಗಿಯೇ ಊರಿನ ಆಕರ್ಷಣೆಯನ್ನು ಕಟ್ಟಿದರು.

ಇದರ ಕತೆ ಪೂರ್ತಿ ತಿಳಿಯಬೇಕಾದರೆ ಕ್ರೂಡನ್ ಬೇ ಎಂಬ ಊರಿಗೆ ಬನ್ನಿ. ಅಬರ್ಡೀನ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು, ಉತ್ತರ ಸಮುದ್ರದ ಅಂಚು, ಗಾಳಿ ವಿಪರೀತ. ಗ್ರೇಟ್ ನಾರ್ತ್ ಆಫ್ ಸ್ಕಾಟ್‌ಲೆಂಡ್ ರೈಲ್ವೆ ಎಂಬ ಕಂಪನಿ 1897ರಲ್ಲಿ ಅಲ್ಲಿಗೆ ಕವಲು ಹಳಿ ಎಳೆಯಿತು. 1899ರಲ್ಲಿ ನಸುಗೆಂಪು ಗ್ರಾನೈಟ್ ಕಲ್ಲಿನ ಹೋಟೆಲು ಎದ್ದಿತು; ಗಾಲ್ಫ್ ಮೈದಾನವೂ ಅದೇ ವರ್ಷ ತೆರೆಯಿತು. ನಿಲ್ದಾಣದಿಂದ ಹೋಟೆಲಿಗೆ ಒಂದು ಕಿಲೋಮೀಟರಿನಷ್ಟು ದೂರ. ದೊಡ್ಡ ಮನುಷ್ಯರು ನಡೆದಾರೆಯೇ? ಅಷ್ಟು ದೂರಕ್ಕೆಂದೇ ವಿದ್ಯುತ್ ಟ್ರಾಮು ಹಾಕಿದರು. ಮೂರೂವರೆ ಅಡಿ ಅಗಲದ ಪುಟ್ಟ ಹಳಿ, ಹೋಟೆಲಿನ ಬಾಗಿಲಿಗೇ ಬಂದು ನಿಲ್ಲುವ ಗಾಡಿ. ಹೋಟೆಲಿನ ಪಕ್ಕ ದೊಡ್ಡದೊಂದು ಬಟ್ಟೆ ಒಗೆಯುವ ಮನೆ ಇತ್ತು. ಕಂಪನಿಯ ಬೇರೆ ಹೋಟೆಲುಗಳ ಹಾಸಿಗೆ ಬಟ್ಟೆ, ಊಟದ ಮೇಜಿನ ಬಟ್ಟೆ ಎಲ್ಲ ಅಬರ್ಡೀನಿನಿಂದ ಗಂಟು ಕಟ್ಟಿಸಿಕೊಂಡು ರೈಲಿನಲ್ಲಿ ಬರುತ್ತಿತ್ತು, ಟ್ರಾಮು ಹತ್ತುತ್ತಿತ್ತು, ಒಗೆಸಿಕೊಂಡು ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು.

ಕಂಪನಿ ಎಣಿಸಿದಷ್ಟು ಜನ ಬರಲಿಲ್ಲ. ಊರು ದೂರ, ಬೇಸಿಗೆ ಮೋಟು. ಆಮೇಲೆ ಮೋಟಾರು ಕಾರು ಬಂತು. 1932ರಲ್ಲಿ ಪ್ರಯಾಣಿಕರ ರೈಲು ನಿಂತಿತು, ಅದರೊಡನೆ ಪ್ರಯಾಣಿಕರ ಟ್ರಾಮೂ ನಿಂತಿತು. ಬಟ್ಟೆ ಗಂಟುಗಳಿಗಾಗಿ ಮಾತ್ರ ಅದು ಇನ್ನೂ ಕೆಲವು ವರ್ಷ ಓಡಿತು. ಎರಡನೇ ಮಹಾಯುದ್ಧದಲ್ಲಿ ಹೋಟೆಲು ಸೈನ್ಯದ ಆಸ್ಪತ್ರೆಯಾಯಿತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ತೆರೆಯುವವರು ಸಿಗಲಿಲ್ಲ. 1952ರ ಹೊತ್ತಿಗೆ ಒಂದು ಕಲ್ಲೂ ಉಳಿಯದ ಹಾಗೆ ಒಡೆದು ಹಾಕಿದ್ದರು. ಯಾವ ಮೈದಾನವನ್ನು ಹೋಟೆಲಿಗೆ ಗಿರಾಕಿ ತರಲೆಂದು ಮಾಡಿದ್ದರೋ ಆ ಮೈದಾನ ಮಾತ್ರ ಇವತ್ತಿಗೂ ಇದೆ, ಹೆಸರುವಾಸಿಯಾಗಿಯೇ ಇದೆ. ಒಂದು ಟ್ರಾಮು ಗಾಡಿ ಆಲ್ಫರ್ಡ್ ಊರಿನ ಸಾರಿಗೆ ಸಂಗ್ರಹಾಲಯದಲ್ಲಿ ನಿಂತಿದೆ.

ಹಾಗಾದರೆ ಕ್ರೂಡನ್ ಬೇಯಲ್ಲಿ ಎಲ್ಲಿ ಇಳಿದುಕೊಳ್ಳುವುದು? ಕಿಲ್ಮಾರ್ನಾಕ್ ಆರ್ಮ್ಸ್ ಎಂಬ ಹಳೆಯ ಸಣ್ಣ ಹೋಟೆಲಿದೆ. ಆರ್ಮ್ಸ್ ಎಂದರೆ ಇಲ್ಲಿ ಕೈಯೂ ಅಲ್ಲ, ಆಯುಧವೂ ಅಲ್ಲ; ಆ ಸೀಮೆಯ ಜಮೀನುದಾರ ಮನೆತನದ ಲಾಂಛನ. ಅದರ ಫಲಕ ಬಾಗಿಲ ಮೇಲೆ ತೂಗುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ನೂರಾರು ತಂಗುಮನೆಗಳಿಗೆ ಹೀಗೆ ಹೆಸರು. ರೈಲು ಬರುವ ಮೊದಲೇ, 1894 ಮತ್ತು 1895ರಲ್ಲಿ, ಲಂಡನ್ನಿನ ಒಂದು ನಾಟಕಶಾಲೆಯ ವ್ಯವಸ್ಥಾಪಕರೊಬ್ಬರು ಇಲ್ಲಿ ರಜೆ ಕಳೆದು ಅತಿಥಿಗಳ ಪುಸ್ತಕದಲ್ಲಿ ರುಜು ಹಾಕಿದರು. ಹೆಸರು ಬ್ರಾಮ್ ಸ್ಟೋಕರ್. 1897ರಲ್ಲಿ 'ಡ್ರಾಕುಲಾ' ಕಾದಂಬರಿ ಪ್ರಕಟಿಸಿದವರು ಅವರೇ. ಹತ್ತಿರದ ಬಂಡೆಯಂಚಿನಲ್ಲಿ ಸ್ಲೇನ್ಸ್ ಎಂಬ ಕೋಟೆಮನೆ ಇದೆ, ಈಗ ಛಾವಣಿಯಿಲ್ಲದ ಪಾಳು. ರೈಲು ಕಂಪನಿಯ ಗ್ರಾನೈಟ್ ಅರಮನೆ ಬಂದು ಹೋಯಿತು, ಹಳ್ಳಿಯ ಹಳೆಯ ಮನೆ ನಿಂತಿತು. ನನ್ನನ್ನು ಕೇಳಿದರೆ ಇಂಥ ಮನೆಯಲ್ಲಿ ಒಂದು ರಾತ್ರಿ ಕಳೆಯುವುದು ಮೇಲು, ದುಡ್ಡೂ ಉಳಿಯುತ್ತದೆ.

ದೊಡ್ಡ ಹೋಟೆಲೇ ಬೇಕೆನ್ನುವವರಿಗೆ ಪಶ್ಚಿಮ ಕರಾವಳಿಯ ಟರ್ನ್‌ಬೆರಿ ಇದೆ. ಇದೂ ರೈಲು ಕಂಪನಿಯದೇ, 1906ರದು. ಮಳೆಯಲ್ಲಿ ನೆನೆಯದೆ ನಿಲ್ದಾಣದಿಂದ ಒಳಗೆ ಹೋಗಲು ಮುಚ್ಚಿದ ಓಣಿ ಕಟ್ಟಿದ್ದರು. ಎರಡು ಮಹಾಯುದ್ಧಗಳಲ್ಲೂ ಮೈದಾನ ವಿಮಾನದಳದ ಪಾಲಾಯಿತು. ಎರಡನೆಯದರಲ್ಲಿ ಹುಲ್ಲಿನ ಮೇಲೆ ಕಾಂಕ್ರೀಟು ಸುರಿದು ರನ್‌ವೇ ಮಾಡಿದರು, ಹೋಟೆಲು ಆಸ್ಪತ್ರೆಯಾಯಿತು. ಮೆಕೆಂಜಿ ರಾಸ್ ಎಂಬ ವಿನ್ಯಾಸಕಾರರು ಮೈದಾನವನ್ನು ಮತ್ತೆ ಮೊದಲಿನಿಂದ ರೂಪಿಸಿ, 1951ರಲ್ಲಿ ಅದು ತೆರೆಯಿತು. ಸತ್ತ ವಿಮಾನಯೋಧರ ಸ್ಮಾರಕ ಅಲ್ಲಿನ ದಿಬ್ಬದ ಮೇಲಿದೆ. 2014ರಿಂದ ಈ ಹೋಟೆಲು ಅಮೆರಿಕದ ಡೊನಾಲ್ಡ್ ಟ್ರಂಪ್ ಅವರ ಕಂಪನಿಗೆ ಸೇರಿದೆ. ರೈಲಿನ ಸುಳಿವಿಲ್ಲ.

ಗ್ಲೆನ್‌ಈಗಲ್ಸ್‌ನ ಭಾಗ್ಯ ಬೇರೆ. ಕ್ಯಾಲೆಡೋನಿಯನ್ ರೈಲ್ವೆ ಅದನ್ನು ಯೋಚಿಸಿತು, ಮೊದಲ ಯುದ್ಧ ಕೆಲಸ ನಿಲ್ಲಿಸಿತು, 1924ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಆ ಕಂಪನಿಯೇ ಇನ್ನೊಂದರಲ್ಲಿ ಕರಗಿಹೋಗಿತ್ತು. ಅಲ್ಲಿ ಮಾತ್ರ ಇಂದಿಗೂ ರೈಲು ನಿಲ್ಲುತ್ತದೆ. ನಾನು ಹೇಳಬೇಕೆಂದಿರುವುದು ಆ ಹೆಸರಿನ ಬಗ್ಗೆ. ಈಗಲ್ ಎಂದರೆ ಹದ್ದು ಎಂದು ಇಂಗ್ಲಿಷ್ ಬಲ್ಲವರೆಲ್ಲ ಅಂದುಕೊಳ್ಳುತ್ತಾರೆ. ಹದ್ದಿಗೂ ಅದಕ್ಕೂ ಸಂಬಂಧವಿಲ್ಲ. ಸ್ಕಾಟ್‌ಲೆಂಡಿನ ಹಳೆಯ ಗೇಲಿಕ್ ಭಾಷೆಯಲ್ಲಿ 'ಎಗ್ಲಿಷ್' ಎಂದರೆ ಇಗರ್ಜಿ. ಇಗರ್ಜಿ ಇದ್ದ ಕಣಿವೆ ಎಂಬುದು ಹೆಸರಿನ ಅರ್ಥ. ಊರಿನ ಹೆಸರು ಮನೆಮಾತಿನಿಂದ ಇನ್ನೊಂದು ಭಾಷೆಯ ಬೋರ್ಡಿಗೆ ಹತ್ತುವಾಗ ಏನಾಗುತ್ತದೆಂದು ಗಡಿಯ ಕೇಳುಗರಾದ ನಿಮಗೆ ನಾನು ಹೇಳಬೇಕೆ?

ಆ ಭಾಷೆಯ ಬೆನ್ನು ಹಿಡಿದು ಇನ್ನೂ ಉತ್ತರಕ್ಕೆ, ಡಾರ್ನಾಕ್‌ಗೆ ಹೋಗೋಣ. ಅಲ್ಲಿ ಗಾಲ್ಫ್ ಆಡಿದ ದಾಖಲೆ 1616ರಷ್ಟು ಹಳೆಯದು. ಅಮೆರಿಕದಲ್ಲಿ ನೂರಾರು ಗಾಲ್ಫ್ ಮೈದಾನಗಳನ್ನು ರೂಪಿಸಿದ ಡೊನಾಲ್ಡ್ ರಾಸ್ 1872ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಊರ ನಡುವೆ ಹಳೆಯ ಕ್ಯಾಥೆಡ್ರಲ್, ಅದರ ಎದುರಿಗೆ ಬಿಷಪರು ವಾಸವಿದ್ದ ಕೋಟೆಮನೆ. 1570ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಆಮೇಲೆ ನ್ಯಾಯಾಲಯವಾಯಿತು, ಜೈಲಾಯಿತು, ಶಾಲೆಯಾಯಿತು, ಈಗ ಹೋಟೆಲಾಗಿದೆ. ಇತಿಹಾಸದ ರುಚಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಸಿಗುವುದು ಕಷ್ಟ. 1902ರಲ್ಲಿ ಇಲ್ಲಿಗೂ ರೈಲು ಬಂತು, 1904ರಲ್ಲಿ ರೈಲು ಕಂಪನಿಯ ಹೋಟೆಲು ಬಂತು, 1960ರಲ್ಲಿ ರೈಲು ನಿಂತಿತು.

ಈ ರೈಲು ಡಾರ್ನಾಕ್‌ಗೆ ಮುಂಚೆ ನಿಲ್ಲುತ್ತಿದ್ದ ಕೊನೆಯ ನಿಲ್ದಾಣ ಎಂಬೋ. ಮೀನುಗಾರರ ಊರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸದರ್‌ಲೆಂಡ್ ಸೀಮೆಯ ಒಡೆಯರು ಕುರಿ ಸಾಕಣೆಗಾಗಿ ಒಳನಾಡಿನ ರೈತರನ್ನು ಒಕ್ಕಲೆಬ್ಬಿಸಿ ಕಡಲ ಬದಿಗೆ ತಳ್ಳಿದರು. ಈ ಕರಾವಳಿಯ ಮೀನುಗಾರರ ಕೇರಿಗಳು ಬೆಳೆದದ್ದು ಆ ಜನರಿಂದ. ಅವರು ಗೇಲಿಕ್ ಬಿಡಲಿಲ್ಲ. ಸುತ್ತಲಿನವರು ಇಂಗ್ಲಿಷಿಗೆ ಹೊರಳಿದ ಎಷ್ಟೋ ಕಾಲದ ಮೇಲೂ ಅವರ ಮನೆಗಳಲ್ಲಿ ಅದೇ ನಡೆಯಿತು. 1963ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನ್ಯಾನ್ಸಿ ಡೋರಿಯನ್ ಎಂಬಾಕೆ ಅಲ್ಲಿಗೆ ಬಂದು ದಶಕಗಳ ಕಾಲ ಈ ಮಾತನ್ನು ಬರೆದುಕೊಂಡರು. ಮುದುಕರು ನಿರರ್ಗಳವಾಗಿ ಮಾತಾಡುತ್ತಿದ್ದರು. ಕಿರಿಯರಲ್ಲಿ ಕೆಲವರು ಎಲ್ಲವನ್ನೂ ಅರ್ಥಮಾಡಿಕೊಂಡು ನಗುವ ಕಡೆ ನಕ್ಕು, ತಾವು ಬಾಯಿ ತೆರೆದಾಗ ಮಾತ್ರ ತಡವರಿಸುತ್ತಿದ್ದರು. ಅಂಥವರನ್ನು ಆಕೆ 'ಅರೆಮಾತುಗಾರರು' ಎಂಬ ಅರ್ಥದ ಪದದಿಂದ ಕರೆದರು. ಭಾಷೆಗಳ ಅಳಿವನ್ನು ಅಧ್ಯಯನ ಮಾಡುವವರು ಜಗತ್ತಿನಾದ್ಯಂತ ಇವತ್ತು ಆ ಪದ ಬಳಸುತ್ತಾರೆ. ಅವರ ಪುಸ್ತಕ 1981ರಲ್ಲಿ ಬಂತು. ಆ ಪದ ಓದಿದಾಗ ನನಗೆ ನಮ್ಮ ಕಡೆಯ ಎಷ್ಟೋ ಮನೆಗಳ ಮೊಮ್ಮಕ್ಕಳು ಕಣ್ಣ ಮುಂದೆ ಬಂದರು. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮಗು ಶಾಲೆಯ ಮಾತಿನಲ್ಲಿ ಉತ್ತರ ಕೊಡುತ್ತದೆ. ಡಾರ್ನಾಕ್‌ನಲ್ಲಿ ಇಳಿದುಕೊಂಡರೆ ಎಂಬೋಗೆ ಒಂದು ಸಂಜೆ ನಡೆದು ಹೋಗಿ ಬನ್ನಿ, ಮೂರೇ ಕಿಲೋಮೀಟರು.

ಕೊನೆಗೆ ಸೇಂಟ್ ಆಂಡ್ರೂಸ್. ಗಾಲ್ಫ್ ಆಡುವವರಿಗೆ ಇದು ಕಾಶಿ. ಇಲ್ಲಿನ ಲಿಂಕ್ಸ್ ಊರವರದ್ದು ಎಂದು 1552ರಲ್ಲೇ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಪತ್ರ ಬರೆದು ಒಪ್ಪಿದ್ದರು. 1797ರಲ್ಲಿ ಪುರಸಭೆ ಸಾಲದಲ್ಲಿ ಮುಳುಗಿ ಆ ನೆಲವನ್ನು ಕೈಬಿಟ್ಟಿತು. ಅದು ಮೊಲ ಸಾಕುವ ವರ್ತಕರ ಕೈಗೆ ಹೋಯಿತು. ಮೊಲಗಳು ಮೈದಾನವನ್ನು ತೂತು ತೂತು ಮಾಡಿದವು. ಊರವರು ಮೊಲ ಕೊಂದರು, ಹೊಡೆದಾಟವಾಯಿತು, ಕೋರ್ಟು ಮೆಟ್ಟಿಲು ಹತ್ತಿತು. 1821ರಲ್ಲಿ ಗಾಲ್ಫ್ ಪ್ರೇಮಿ ಜಮೀನುದಾರ ಜೇಮ್ಸ್ ಚೀಪ್ ನೆಲ ಕೊಂಡ ಮೇಲೆ ಜಗಳ ತಣ್ಣಗಾಯಿತು. 1894ರ ಕಾಯಿದೆಯಿಂದ ಅದು ಮತ್ತೆ ಊರಿನದಾಯಿತು.

ಹೋಟೆಲುಗಳು ಈ ಮೈದಾನದ ಸುತ್ತ ಮುತ್ತಿಕೊಂಡಿವೆ. ಜರ್ಮನಿಯಿಂದ ಬಂದ ರುಸಾಕ್ ಎಂಬವರು 1887ರಲ್ಲಿ ತೆರೆದ ಹೋಟೆಲು ಅವರ ಹೆಸರಿನಲ್ಲೇ ನಡೆಯುತ್ತಿದೆ. ಕೊನೆಯ ಕುಳಿಯ ಹಿಂದೆ ಕೆಂಪು ಕಲ್ಲಿನ ಗ್ರ್ಯಾಂಡ್ ಹೋಟೆಲು 1895ರಲ್ಲಿ ಎದ್ದಿತು. ಕ್ಲಬ್ಬಿನವರು ಸದಸ್ಯತ್ವ ಕೊಡಲಿಲ್ಲವೆಂಬ ಹಟಕ್ಕೆ ಒಬ್ಬಾತ ಅದನ್ನು ಕ್ಲಬ್ಬಿನ ನೆತ್ತಿಯ ಮೇಲೆ ಎನ್ನುವಂತೆ ಕಟ್ಟಿಸಿದನೆಂದು ಊರಿನ ಕತೆ. ನಿಜವೋ ಸುಳ್ಳೋ, ಕಟ್ಟಡ ನೋಡಿದರೆ ನಂಬಬೇಕೆನಿಸುತ್ತದೆ. 1949ರಿಂದ ಅದು ವಿಶ್ವವಿದ್ಯಾಲಯದ ಹುಡುಗರ ಹಾಸ್ಟೆಲಾಗಿತ್ತು. ಈಗ ಸಿರಿವಂತರ ಫ್ಲ್ಯಾಟುಗಳು.

ಇನ್ನೊಂದು ಓಲ್ಡ್ ಕೋರ್ಸ್ ಹೋಟೆಲು. ರೈಲ್ವೆ ಗೂಡ್ಸ್ ಯಾರ್ಡಿದ್ದ ಜಾಗದಲ್ಲಿ ಬ್ರಿಟಿಷ್ ರೈಲ್ವೆಯ ಹೋಟೆಲು ವಿಭಾಗ ಅದನ್ನು 1968ರಲ್ಲಿ ತೆರೆಯಿತು. ಹೊರಚಾಚಿದ ಬಾಲ್ಕನಿಗಳನ್ನು ಕಂಡು, ಮೇಜಿನ ಖಾನೆ ಎಳೆದು ಹಾಗೇ ಬಿಟ್ಟಂತಿದೆ ಎಂದು ಜನ ಆಡಿಕೊಂಡರು. ಮರುವರ್ಷ, 1969ರ ಜನವರಿಯಲ್ಲಿ, ಸೇಂಟ್ ಆಂಡ್ರೂಸ್ ರೈಲು ಮಾರ್ಗವನ್ನೇ ಮುಚ್ಚಿದರು! ಒಂದೇ ಸಂಸಾರದ ಎಡಗೈ ಮಾಡಿದ್ದು ಬಲಗೈಗೆ ಗೊತ್ತಿರಲಿಲ್ಲವೋ ಏನೋ. ಹದಿನೇಳನೇ ಕುಳಿಗೆ ಆಡುವವರು ಇವತ್ತಿಗೂ ಚೆಂಡನ್ನು ಹಳೆಯ ರೈಲ್ವೆ ಷೆಡ್ಡುಗಳ ಆಕಾರದ ಕಟ್ಟಡದ ಮೇಲಿಂದ ಹಾರಿಸಬೇಕು.

ಈ ಹೋಟೆಲುಗಳ ಕೋಣೆ ಬಾಡಿಗೆ ಕೇಳಿ ನಿಮ್ಮ ಎದೆ ಝಲ್ಲೆಂದರೆ ಊರೊಳಗಿನ ಸಣ್ಣ ಮನೆಯಲ್ಲಿ ಇಳಿದುಕೊಳ್ಳಿ, ಆದರೆ ಭಾನುವಾರ ಅಲ್ಲಿರುವ ಹಾಗೆ ನೋಡಿಕೊಳ್ಳಿ. ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ ಭಾನುವಾರ ಹಳೆಯ ಮೈದಾನದಲ್ಲಿ ಗಾಲ್ಫ್ ಇಲ್ಲ. ಅಂದು ಅದು ಊರ ಬಯಲು. ನಾಯಿ ಹಿಡಿದ ಮುದುಕರು, ಮಗು ಎತ್ತಿಕೊಂಡ ತಾಯಂದಿರು, ಯಾರು ಬೇಕಾದರೂ ನಡೆಯಬಹುದು. ಹಳ್ಳದ ಮೇಲಿನ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಟಿಕೆಟಿಲ್ಲ.