‘ಜೋಳ’ ಎಂಬ ಮಾತು: ಅದರ ಮೂಲ ಮತ್ತು ಅದರ ಋಣ

ನಮ್ಮ ಸೀಮೆಯಲ್ಲಿ ದಿನಕ್ಕೊಮ್ಮೆಯಾದರೂ ನಾಲಗೆಯ ಮೇಲೆ ಸುಳಿಯದೆ ಇರದ ಮಾತುಗಳಲ್ಲಿ ‘ಜೋಳ’ ಎಂಬುದೊಂದು. ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಕರಿನೆಲದಲ್ಲಿ ಹಿಂಗಾರಿಗೆ ಬೆಳೆಯುವ ಈ ಧಾನ್ಯವನ್ನು ಕನ್ನಡದ ಮನೆಯಲ್ಲಿ ಜೋಳವೆಂದೂ, ಮರಾಠಿಯ ಮನೆಯಲ್ಲಿ ಜ್ವಾರಿ ಅಥವಾ ಜೋಂಧಳಾ ಎಂದೂ, ಉರ್ದುವಿನವರು ಜವಾರ್ ಎಂದೂ ಕರೆಯುತ್ತಾರೆ. ಪೂರ್ವಕ್ಕೆ ಸಾಗಿದರೆ ತೆಲುಗರು ಜೊನ್ನಲು ಎನ್ನುತ್ತಾರೆ. ದಕ್ಷಿಣಕ್ಕೆ ಇಳಿದರೆ ತಮಿಳರು ಚೋಳಂ ಎನ್ನುತ್ತಾರೆ. ಒಂದೇ ಹಿಡಿ ಕಾಳಿಗೆ ಇಷ್ಟು ಹೆಸರುಗಳು ಹೇಗೆ ಬಂದವು? ಇವು ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳೋ, ಒಂದೇ ಮನೆತನದ ಮಕ್ಕಳೋ? ಇದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಒಂದು ಎಚ್ಚರಿಕೆಯ ಮಾತು. ತಮಿಳಿನ ‘ಚೋಳಂ’ ಎಂಬುದನ್ನು ಕೇಳಿದೊಡನೆ ರಾಜರಾಜ ಚೋಳನ ವಂಶಕ್ಕೂ ಜೋಳಕ್ಕೂ ನಂಟು ಕಟ್ಟಲು ವಿದ್ಯಾರ್ಥಿಗಳಿಗೆ ಮನಸ್ಸಾಗಬಹುದು. ಅದು ಸಲ್ಲದು. ತಮಿಳಿನಲ್ಲಿ ಧಾನ್ಯದ ಹೆಸರನ್ನು ಳಕಾರದಿಂದಲೂ, ಅರಸರ ಹೆಸರನ್ನು ನಮ್ಮ ಹಳಗನ್ನಡದ ‘ೞ’ಕ್ಕೆ ಸಮನಾದ ಬೇರೊಂದು ಅಕ್ಷರದಿಂದಲೂ ಬರೆಯುತ್ತಾರೆ. ಕನ್ನಡದಲ್ಲಿ ೞಕಾರವು ಬಳಕೆ ತಪ್ಪಿ ಳಕಾರವಾದುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕಿವಿಗೆ ಒಂದಾಗಿ ಕೇಳಿದ ಮಾತ್ರಕ್ಕೆ ಎರಡು ಶಬ್ದಗಳು ಒಂದಾಗಲಾರವು.

ಇನ್ನು ನಿಜವಾದ ನಂಟನ್ನು ನೋಡೋಣ. ಸಂಸ್ಕೃತದಲ್ಲಿ ಬಾರ್ಲಿಗೆ ‘ಯವ’ ಎಂದು ಹೆಸರು. ಜೋಳಕ್ಕೆ ‘ಯವನಾಲ’ ಎಂಬ ಹೆಸರುಂಟು. ಪದದ ಮೊದಲಿನ ಯಕಾರವು ಪ್ರಾಕೃತದಲ್ಲಿ ಜಕಾರವಾಗುವುದು ಸಾಮಾನ್ಯ ನಿಯಮ. ಯಾತ್ರೆ ಜಾತ್ರೆಯಾದುದು, ಯೋಗಿ ಜೋಗಿಯಾದುದು, ಯವೆ ಜವೆಯಾದುದು ಈ ನಿಯಮದಿಂದಲೇ. ಯವನಾಲವು ಪ್ರಾಕೃತದಲ್ಲಿ ‘ಜೋಣ್ಣಲಿಆ’ ಎಂಬ ರೂಪವನ್ನು ತಾಳಿತು. ಮರಾಠಿಯ ಜೋಂಧಳಾ ಅದರ ಮಗು. ಜುವಾರ್, ಜ್ವಾರಿ ಎಂಬ ರೂಪಗಳನ್ನು ‘ಯವಾಕಾರ’, ಎಂದರೆ ಯವದ ಆಕಾರವುಳ್ಳದ್ದು, ಎಂಬುದರಿಂದ ಭಾಷಾಶಾಸ್ತ್ರಜ್ಞರು ಸಾಧಿಸುತ್ತಾರೆ. ಕನ್ನಡದ ಜೋಳ, ತೆಲುಗಿನ ಜೊನ್ನ, ತಮಿಳಿನ ಚೋಳಂ ಇವುಗಳನ್ನು ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟು ಒಂದೆಡೆ ಸೇರಿಸಿ, ಯವನಾಲದೊಡನೆ ಹೋಲಿಸಿದೆ. ತಮಿಳಿನಲ್ಲಿ ಪದದ ಮೊದಲಿಗೆ ಜಕಾರ ನಿಲ್ಲದಾದುದರಿಂದ ಅಲ್ಲಿ ಚಕಾರವಿದೆ.

ಈ ಹೆಸರುಗಳಲ್ಲಿ ಒಂದು ಸ್ವಾರಸ್ಯವುಂಟು. ಹೊಸ ಧಾನ್ಯವನ್ನು ಕಂಡ ಜನರು ಅದನ್ನು ತಮಗೆ ಮೊದಲೇ ಪರಿಚಿತವಾದ ಯವಕ್ಕೆ ಹೋಲಿಸಿ ಹೆಸರಿಟ್ಟರು. ಎಂದಮೇಲೆ ಜೋಳವು ಈ ನೆಲಕ್ಕೆ ಹೊರಗಿನಿಂದ ಬಂದುದೆಂಬುದಕ್ಕೆ ಅದರ ಹೆಸರೇ ಸಾಕ್ಷಿ ನುಡಿಯುತ್ತದೆ. ಸಸ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಜೋಳದ ತವರು ಆಫ್ರಿಕ. ಸುಡಾನಿನ ಪೂರ್ವಭಾಗದಲ್ಲಿ ದೊರೆತ ಸುಮಾರು ೫೦೦೦ ವರ್ಷಗಳ ಹಿಂದಿನ ಮಡಕೆಯ ಚೂರುಗಳಲ್ಲಿ ಮನುಷ್ಯನು ಸಾಗುವಳಿ ಮಾಡಿದ ಜೋಳದ ಹೊಟ್ಟಿನ ಗುರುತುಗಳು ಇರುವುದನ್ನು ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದರು. ಅಲ್ಲಿಂದ ಕಡಲು ದಾಟಿ ಅದು ಭಾರತಕ್ಕೆ ಬಂದಿತು. ಅರಬರು ಜೋಳವನ್ನು ‘ದುರ’ ಎನ್ನುತ್ತಾರೆ. ನಮ್ಮ ಹಿಂಗಾರಿ ಜೋಳವು ಸೇರಿರುವ ಗುಂಪಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರೂ ಇದೇ. ಇಂದು ನಮ್ಮದೇ ಎಂದು ನಾವು ಹೆಮ್ಮೆಪಡುವ ರೊಟ್ಟಿಯ ಹಿಂದೆ ಇಂತಹ ದೂರದ ಪಯಣವಿದೆ.

ಹೊರಗಿನಿಂದ ಬಂದ ಧಾನ್ಯವು ಕನ್ನಡಿಗರ ಬಾಳಿನಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿತೆಂಬುದನ್ನು ತಿಳಿಯಬೇಕಾದರೆ ಹಳಗನ್ನಡಕ್ಕೆ ಹೋಗಬೇಕು. ಅಲ್ಲಿ ‘ಜೋಳದ ಪಾಳಿ’ ಅಥವಾ ‘ಜೋಳವಾಳಿ’ ಎಂಬ ಮಾತುಂಟು. ಪಾಳಿಯೆಂದರೆ ಕ್ರಮ, ಕರ್ತವ್ಯ. ಒಡೆಯನ ಜೋಳವನ್ನುಂಡ ವೀರನು ಆ ಅನ್ನದ ಋಣವನ್ನು ರಣದಲ್ಲಿ ಪ್ರಾಣವೊಪ್ಪಿಸಿಯಾದರೂ ತೀರಿಸತಕ್ಕದ್ದು ಎಂಬ ಧರ್ಮವೇ ಜೋಳವಾಳಿ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಜೋಳವಾಳಿಯನ್ನೂ ಅದರ ಜೊತೆಯ ವೇಳೆವಾಳಿಯನ್ನೂ ಚರ್ಚಿಸಿದ್ದಾರೆ. ಪಂಪನ ಭಾರತದ ಕರ್ಣನು ತನ್ನ ಜನ್ಮರಹಸ್ಯವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಟ್ಟುಹೋಗಲಿಲ್ಲವಷ್ಟೆ. ಆ ನಿಷ್ಠೆಯ ಬೇರು ಇಂತಹ ಋಣಪ್ರಜ್ಞೆಯಲ್ಲಿಯೇ ಇದೆ.

ಅನ್ನದ ಹೆಸರು ನಿಷ್ಠೆಯ ಹೆಸರಾಗುವುದು ನಮ್ಮಲ್ಲಿ ಮಾತ್ರವಲ್ಲ. ಹಿಂದಿ ಉರ್ದುಗಳಲ್ಲಿ ಉಪ್ಪಿನ ಋಣವನ್ನು ಮರೆತವನು ನಮಕ್ ಹರಾಮ್. ಇಂಗ್ಲಿಷಿನ ‘ಸ್ಯಾಲರಿ’ಯ ಮೂಲದಲ್ಲಿ ಲ್ಯಾಟಿನಿನ ಉಪ್ಪು ಇದೆ. ಅದೇ ಇಂಗ್ಲಿಷಿನ ‘ಲಾರ್ಡ್’ ಎಂಬ ಮಾತು ಮೂಲದಲ್ಲಿ ‘ರೊಟ್ಟಿಯನ್ನು ಕಾಯುವವನು’ ಎಂಬರ್ಥದ ಸಮಾಸ. ರೊಟ್ಟಿ ಕಾಯುವವನು ಅಲ್ಲಿ ಒಡೆಯನಾದರೆ, ಜೋಳವುಂಡವನು ಇಲ್ಲಿ ವೀರನಾದನು.

ಶಬ್ದವು ನಿಂತಲ್ಲಿಯೇ ನಿಲ್ಲುವುದೂ ಇಲ್ಲ. ಅಮೆರಿಕ ಖಂಡದಿಂದ ಇನ್ನೊಂದು ಧಾನ್ಯ ಬಂದಾಗ ಕನ್ನಡಿಗರು ಹಳೆಯ ಹೆಸರನ್ನೇ ಚಾಚಿ ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ ಎಂದರು. ದಕ್ಷಿಣ ಕರ್ನಾಟಕದ ಪೇಟೆಗಳಲ್ಲಿ ಬರಿಯ ‘ಜೋಳ’ವೆಂದರೆ ಈಗ ಎಷ್ಟೋ ಸಲ ಈ ಹೊಸ ಧಾನ್ಯವೇ; ಹಳೆಯದಕ್ಕೆ ‘ಬಿಳಿಜೋಳ’ವೆಂಬ ವಿಶೇಷಣ ಬೇಕಾಗಿದೆ. ಮನೆಗೆ ಬಂದ ಅತಿಥಿ ಯಜಮಾನನ ಹೆಸರನ್ನೇ ಪಡೆದಂತಾಯಿತು. ಇಂಗ್ಲಿಷಿನ ‘ಕಾರ್ನ್’ ಎಂಬುದೂ ಹೀಗೆಯೇ: ಮೊದಲು ಕಾಳು ಎಂಬ ಅರ್ಥವಿದ್ದುದು ಅಮೆರಿಕದಲ್ಲಿ ಮೆಕ್ಕೆಜೋಳವೆಂದು ನಿಂತಿತು. ನಮ್ಮ ಗಡಿಸೀಮೆಯಲ್ಲಿ ಮಾತ್ರ ಜೋಳವೆಂದರೆ ಇನ್ನೂ ಜೋಳವೇ.

ಈ ಸೀಮೆಯ ಮಾತನ್ನೇ ಆಡೋಣ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೇಳಿದಾಗ ಈ ಮೂರು ತಾಲ್ಲೂಕುಗಳೂ ಅದರೊಳಗಿದ್ದವು. ಮುಂದೆ ಇವು ಹೈದರಾಬಾದು ಸಂಸ್ಥಾನಕ್ಕೆ ಸೇರಿದವು. ನಿಲಂಗಾ ಮತ್ತು ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯಕ್ಕೂ, ೧೯೬೦ರ ಮೇ ೧ರಂದು ಮಹಾರಾಷ್ಟ್ರಕ್ಕೂ ಸೇರಿದವು; ೧೯೮೨ರಿಂದ ಲಾತೂರು ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಹೊಲದ ಮಾತು ಬದಲಾಗಲಿಲ್ಲ. ಮಾರ್ಗಶಿರದ ಅಮವಾಸ್ಯೆಯಂದು ಲಾತೂರು, ಧಾರಾಶಿವ ಜಿಲ್ಲೆಗಳ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಅಂಬಲಿ ಭಜ್ಜಿಗಳನ್ನು ಎಡೆಮಾಡಿ, ಎಲ್ಲರೂ ಕೂಡಿ ಉಣ್ಣುತ್ತಾರೆ. ಮರಾಠಿಯಲ್ಲಿ ಅದಕ್ಕೆ ‘ಯೆಳವಸ’ ಎಂದು ಹೆಸರು. ಬರೆಹದಲ್ಲಿ ‘ವೇಳ ಅಮಾವಾಸ್ಯಾ’ ಎಂದೂ ಆಗಿದೆ. ಇದು ನಮ್ಮ ಎಳ್ಳ ಅಮವಾಸ್ಯೆಯಲ್ಲದೆ ಮತ್ತೇನು? ಯವನಾಲವು ಉತ್ತರದಿಂದ ಬಂದು ನಮ್ಮ ಜೋಳದೊಡನೆ ನಂಟು ಬೆಳೆಸಿದರೆ, ಎಳ್ಳ ಅಮವಾಸ್ಯೆಯು ಇಲ್ಲಿಂದ ಹೋಗಿ ಮರಾಠಿಗರ ಯೆಳವಸವಾಯಿತು. ಕೊಡುವುದೂ ಕೊಳ್ಳುವುದೂ ನೆರೆಹೊರೆಯ ಧರ್ಮ. ಇದರಲ್ಲಿ ಯಾರಿಗೂ ಕುಂದಿಲ್ಲ.

ಆದರೆ ಒಂದು ಚಿಂತೆಯುಂಟು. ಈ ಕರಿನೆಲದಲ್ಲಿ ಇಂದು ಸೋಯಾಬೀನು ಹಬ್ಬಿದೆ. ಜೋಳದ ಹೊಲ ಕಿರಿದಾಗಿದೆ. ಬೆಳೆ ಹಿಂಜರಿದಾಗ ಅದರ ಮಾತುಗಳೂ ಹಿಂಜರಿಯುತ್ತವೆ. ಕಣ, ಮೇಟಿ, ಹಂತಿ, ಸೀತನಿ, ಕಣಿಕೆ: ಯಂತ್ರದಲ್ಲಿ ರಾಶಿಯಾಗುವುದನ್ನಷ್ಟೆ ಕಂಡ ಮಗುವಿಗೆ ಎತ್ತುಗಳನ್ನು ಸುತ್ತಿಸುವ ಹಂತಿಯೆಂದರೇನೆಂದು ಯಾರು ಹೇಳಬೇಕು? ಎಳೆಯ ತೆನೆಯನ್ನು ಸುಟ್ಟು ತಿನ್ನುವ ಸೀತನಿಯನ್ನು ಹುರಡಾ ಎಂದಷ್ಟೆ ಬಲ್ಲ ಹುಡುಗನು ತಪ್ಪಿತಸ್ಥನಲ್ಲ; ಎರಡು ಹೆಸರನ್ನೂ ಬಲ್ಲವನು ಮಾತ್ರ ಹೆಚ್ಚು ಸಿರಿವಂತನು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಈ ಹಿಂಗಾರಿ ಸುಗ್ಗಿಯಲ್ಲಿ ಮಕ್ಕಳಿಗೆ ಒಂದೊಂದು ಪುಟದ ಕೆಲಸ ಕೊಡಿರಿ: ತಮ್ಮ ಮನೆಯ ಹಿರಿಯರನ್ನು ಕೇಳಿ, ಜೋಳಕ್ಕೆ ಸಂಬಂಧಿಸಿದ ಮಾತುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಎದುರು ಬದುರಾಗಿ ಬರೆದು ತರಲಿ. ನಾವುಂಡ ಜೋಳದ ಋಣವನ್ನು ತೀರಿಸಲು ಇಂದು ಯಾರೂ ರಣಕ್ಕೆ ಹೋಗಬೇಕಾಗಿಲ್ಲ. ಅದರ ಮಾತುಗಳನ್ನು ಉಳಿಸಿಕೊಂಡರೆ, ಅದೇ ನಮ್ಮ ಪಾಲಿನ ಜೋಳವಾಳಿ.