ಎದ್ದು ಹೋಗುವ ಹೊತ್ತು

ನಮ್ಮ ಮೇಷ್ಟರುಗಳಿಗೆ ನಿವೃತ್ತಿಯ ವಯಸ್ಸನ್ನು ಸರಕಾರವೇ ಗೊತ್ತುಮಾಡಿರುತ್ತದೆ. ಅಮೆರಿಕದ ಹೈಸ್ಕೂಲು ಫುಟ್‌ಬಾಲ್ ಕೋಚ್‌ಗೆ ಹೊರಡುವ ಹೊತ್ತನ್ನು ಹೆಚ್ಚಾಗಿ ಸೋಲೇ ಹೇಳುತ್ತದೆ. ಸೋಲದವನಿಗೆ ಹೇಳುವವರಾರು?

ದಕ್ಷಿಣ ಕೆರೊಲಿನಾದ ಸಮ್ಮರ್‌ವಿಲ್ ಶಾಲೆಗೆ ಜಾನ್ ಮೆಕಿಸಿಕ್ ಬಂದದ್ದು 1952ರಲ್ಲಿ. ಕರಿಯ, ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆಗಳಿದ್ದ ಕಾಲ. ಆ ಗೋಡೆ ಬಿತ್ತು. ಆಡಿದ ಹುಡುಗರ ಮಕ್ಕಳು ಆಡಲು ಬಂದರು. ಅವರು ಮಾತ್ರ ಅಲ್ಲೇ ಇದ್ದರು. 2014ಕ್ಕೆ 63 ಋತು, 621 ಗೆಲುವು, 10 ರಾಜ್ಯ ಪ್ರಶಸ್ತಿ. ಆಮೇಲೆ ಆ ಜಾಗಕ್ಕೆ ಬಂದವನು ಅವರ ಮೊಮ್ಮಗ.

ಕ್ಯಾಲಿಫೋರ್ನಿಯಾದ ಡಿ ಲಾ ಸಾಲ್ ಶಾಲೆಯ ಬಾಬ್ ಲಾಡಸೂರ್ ಬೇರೆ ಜಾಯಮಾನದವರು. 1979ರಲ್ಲಿ ಸೇರಿದರು. 1992ರಿಂದ 2003ರವರೆಗೆ ಅವರ ತಂಡ ಸತತ 151 ಪಂದ್ಯ ಗೆದ್ದಿತು. 2013ರ ಜನವರಿಯಲ್ಲಿ ಮುಖ್ಯ ಕೋಚ್ ಹುದ್ದೆ ಬಿಟ್ಟಾಗ ಗೆಲುವು 399! ನಾನಾಗಿದ್ದರೆ ಇನ್ನೊಂದಕ್ಕೆ ಕಾಯುತ್ತಿದ್ದೆ.

ಕಾದವನೇ ನಾನು. ಒಂದೇ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದೆ. ಕೊನೆಕೊನೆಗೆ ಹಾಜರಿ ಕರೆಯುವಾಗ ಹುಡುಗರ ಬದಲು ಅವರ ಅಪ್ಪಂದಿರ ಹೆಸರು ಬಾಯಿಗೆ ಬರುತ್ತಿತ್ತು. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎದುರಿಗಿರುವ ಹುಡುಗ ಕಾಣುವ ತನಕ ಇರಬಹುದು; ಲೆಕ್ಕ ಅಷ್ಟೇ. ಅದು ಗಂಟೆಯ ಸದ್ದೆಂದು ನನಗೆ ತಿಳಿದದ್ದು ತಡವಾಗಿ.