ಗುರುವಿಲ್ಲದೆ ಮರಳಿದ ಲ್ಯೂಟ್ ವಿದ್ಯೆ

ಯುರೋಪಿನ ಹಳೆಯ ತಂತಿವಾದ್ಯ ಲ್ಯೂಟ್ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಛೇರಿ ಕಂಡಿತೆಂದರೆ ಎಲ್ಲರೂ ಹೆಸರಿಸುವುದು ಇಂಗ್ಲೆಂಡಿನ ಜೂಲಿಯನ್ ಬ್ರೀಮ್ (1933–2020) ಅವರನ್ನು. ಗಿಟಾರಿನಲ್ಲಿ ಆಗಲೇ ಹೆಸರಾಗಿದ್ದ ಬ್ರೀಮ್, ಗಾಯಕ ಪೀಟರ್ ಪಿಯರ್ಸ್ ಜೊತೆ, ಎಲಿಜಬೆತ್ ರಾಣಿಯ ಕಾಲದ ಲ್ಯೂಟ್ ವಾದಕ, ಸಂಗೀತ ರಚನಕಾರ ಜಾನ್ ಡೌಲಂಡ್‌ನ ಹಾಡುಗಳಿಗೆ ಲ್ಯೂಟ್ ನುಡಿಸಿ ಜನರ ಕಿವಿ ಹಿಡಿದರು. 1960ರಲ್ಲಿ ಹಳೆಯ ಸಂಗೀತಕ್ಕಾಗಿ ತಮ್ಮದೇ ತಂಡ ಕಟ್ಟಿದರು. ಇದರಲ್ಲಿ ತಕರಾರಿಲ್ಲ. ಆದರೆ ಹಳೆಯ ಸಂಗೀತಕ್ಕೇ ಮೀಸಲಾದ ಲ್ಯೂಟ್ ವಾದಕ ಎಂಬ ಇಂದಿನ ವೃತ್ತಿಗೆ ತಳಪಾಯ ಬಿದ್ದದ್ದು ಹಸ್ತಪ್ರತಿ ಓದುವವರ ಮೇಜಿನ ಮೇಲೆ, ವಾದ್ಯ ಮಾಡುವವರ ಕೆಲಸದ ಕೋಣೆಯಲ್ಲಿ. ಆ ಮಟ್ಟಿಗೆ ಲ್ಯೂಟ್ ವಾದಕಿ, ಸಂಶೋಧಕಿ ಡಯಾನಾ ಪೌಲ್ಟನ್ (1903–1995) ಅವರ ಪಾಲು ಬ್ರೀಮ್ ಅವರದಕ್ಕಿಂತ ದೊಡ್ಡದು.

ಡೌಲಂಡ್ ಕಾಲದಲ್ಲಿ ಈ ವೃತ್ತಿ ಎಂದರೆ ಅರಮನೆಯ ಚಾಕರಿ. 1594ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಅವನಿಗೆ ಜಾಗ ಸಿಗಲಿಲ್ಲ. 1598ರಿಂದ 1606ರವರೆಗೆ ಡೆನ್ಮಾರ್ಕಿನ ದೊರೆಯ ಬಳಿ ದುಡಿದು, ಲಂಡನ್ ಆಸ್ಥಾನ ಸೇರಿದ್ದು 1612ರಲ್ಲಿ. ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಲ್ಯೂಟೇ ಮೂಲೆ ಸೇರಿತು. ನಮ್ಮ ವೀಣೆಗೆ ಇರುವಂಥ ಗುರುಶಿಷ್ಯ ಕೊಂಡಿ ಅಲ್ಲಿ ಕಡಿದೇಹೋಯಿತು. ಉಳಿದದ್ದು ಟ್ಯಾಬ್ಲೇಚರ್ ಎಂಬ ಬರಹ. ಇಂಗ್ಲೆಂಡಿನ ಪದ್ಧತಿಯಲ್ಲಿ ಆರು ಗೆರೆಗಳು, ಒಂದೊಂದೂ ಒಂದು ಜೋಡಿ ತಂತಿಗೆ (ಮೇಲಿನದು ಮಾತ್ರ ಹಲವು ಸಲ ಒಂಟಿ ತಂತಿ). ಗೆರೆಯ ಮೇಲೆ ‘ಎ’ ಇದ್ದರೆ ಬಿಟ್ಟ ತಂತಿ, ‘ಬಿ’ ಇದ್ದರೆ ಮೊದಲ ಮೆಟ್ಟಿಲು. ಸ್ವರದ ಹೆಸರೇ ಬೇಡ, ಬೆರಳಿನ ಜಾಗ ಗೊತ್ತಾದರೆ ಸಾಕು! ಹಾಗಾಗಿ ಎಡಗೈಗೆ ಪುಸ್ತಕವೇ ಗುರುವಾಯಿತು. ಬಲಗೈಗೆ ಸಿಗುವುದು ಕಡಿಮೆ. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ತೋರುಬೆರಳು ಎಂಬಂಥ ಸೂಚನೆಗಳಷ್ಟೆ. ಮಿಕ್ಕದ್ದನ್ನು 1603ರ ಥಾಮಸ್ ರಾಬಿನ್ಸನ್‌ನ ಕಲಿಕೆಯ ಪುಸ್ತಕದಂಥವುಗಳಿಂದ, ಕಿರುಬೆರಳನ್ನು ಹಲಗೆಗೆ ಊರಿ ಮೀಟುವ ವಾದಕರ ಹಳೆಯ ಚಿತ್ರಗಳಿಂದ ಹೆಕ್ಕಬೇಕಾಯಿತು.

ಈ ಹೆಕ್ಕುವ ಕೆಲಸ ವೇದಿಕೆಯಲ್ಲಿ ಆಗುವಂಥದ್ದಲ್ಲ. 1920ರ ದಶಕದಲ್ಲೇ, ಹಳೆಯ ವಾದ್ಯಗಳನ್ನು ಮತ್ತೆ ಬಳಕೆಗೆ ತಂದ ಅರ್ನಾಲ್ಡ್ ಡಾಲ್ಮೆಚ್ ಬಳಿ ಕಲಿತ ಪೌಲ್ಟನ್, 1956ರಲ್ಲಿ ಇಯಾನ್ ಹಾರ್ವುಡ್ ಜೊತೆ ಲ್ಯೂಟ್ ಸೊಸೈಟಿ ಸ್ಥಾಪಿಸಿದರು. 1972ರಲ್ಲಿ ಡೌಲಂಡ್ ಕುರಿತ ಗ್ರಂಥ ಬರೆದರು. 1974ರಲ್ಲಿ ಬೇಸಿಲ್ ಲ್ಯಾಮ್ ಜೊತೆ ಅವನ ಲ್ಯೂಟ್ ಕೃತಿಗಳನ್ನೆಲ್ಲ ಸಂಪಾದಿಸಿ ಹೊರತಂದರು. ಬ್ರೀಮ್ ಇಲ್ಲದಿದ್ದರೆ ಇದನ್ನೆಲ್ಲ ಕೇಳುವವರು ಎಲ್ಲಿರುತ್ತಿದ್ದರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೇಳುಗರನ್ನು ತಂದವರು ಬ್ರೀಮ್, ನಿಜ. ಆದರೆ ಅವರ ವಾದ್ಯಕ್ಕಿದ್ದದ್ದು ಲೋಹದ ಮೆಟ್ಟಿಲುಗಳು, ಮೀಟುತ್ತಿದ್ದದ್ದು ಗಿಟಾರಿನವರ ಹಾಗೆ ಉಗುರಿನಿಂದ. ಅವರ ನಂತರದ ತಲೆಮಾರು ಆ ದಾರಿ ಹಿಡಿಯಲಿಲ್ಲ. ಮ್ಯೂಸಿಯಂಗಳಲ್ಲಿದ್ದ ಲ್ಯೂಟ್‌ಗಳ ಅಳತೆ ತೆಗೆದು ಮಾಡಿದ ಹಗುರ ವಾದ್ಯಗಳು, ಕರುಳಿನ ದಾರ ಬಿಗಿದ ಮೆಟ್ಟಿಲುಗಳು, ಬೆರಳತುದಿಯ ಮೀಟು, ಇವೇ ಅದಕ್ಕೆ ರೂಢಿಯಾದವು. ಇನ್ನು, ಡೌಲಂಡ್‌ನ ನಾದವನ್ನು ಕೇಳಿದವರು ಯಾರೂ ಉಳಿದಿಲ್ಲ, ಇದೆಲ್ಲ ಊಹೆ ಎನ್ನುವವರಿದ್ದಾರೆ. ಪೂರ್ತಿ ಊಹೆಯಾಗಿದ್ದರೆ ಲೋಹದ ಮೆಟ್ಟಿಲು ತಪ್ಪೆಂದು ಹೇಳಲು ಯಾರಿಗೂ ಆಧಾರ ಇರುತ್ತಿರಲಿಲ್ಲ. ದಾಖಲೆ ಹಳೆಯ ನಾದವನ್ನು ಮರಳಿ ಕೊಡದಿರಬಹುದು, ಯಾವುದು ಹಳೆಯದಲ್ಲ ಎಂಬುದನ್ನಂತೂ ತೋರಿಸುತ್ತದೆ. ಲ್ಯೂಟ್‌ನ ಚರಿತ್ರೆ ಬರೆಯುವವರು ಪೌಲ್ಟನ್ ಅವರನ್ನು ಅಡಿಟಿಪ್ಪಣಿಯಿಂದ ಮುಖ್ಯ ಪಠ್ಯಕ್ಕೆ ತರಬೇಕು.